ಮಳೆನಾಡಿನ ಮನೆಗೊಂದು ಬೇಸ್ ಗಿಟಾರ್

ಸಕಲೇಶಪುರದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಕಾಡುದಾರಿಯಲ್ಲಿ ಸಿಗುವ ಬಿಸಿಲೆಗೆ ಆ ಹೆಸರನ್ನಿಟ್ಟವರು ವಿನೋದಪ್ರಿಯರೇ ಆಗಿರಬೇಕು. ಹೆಸರಿನಲ್ಲಿ ಬಿಸಿಲುಂಟು; ಊರಿನಲ್ಲಿ ಮಾತ್ರ ಜ್ಯೇಷ್ಠದಿಂದ ಭಾದ್ರಪದದ ತನಕ ಅದನ್ನು ಹುಡುಕಬೇಕು. ಎದುರಿನ ಕುಮಾರಪರ್ವತದ ಸಾಲು ತಿಂಗಳುಗಟ್ಟಲೆ ಮೋಡದಲ್ಲಿ ಮುಳುಗಿರುತ್ತದೆ. ಸಮೀಪದ ಮಂಕನಹಳ್ಳಿಯ ದಿಣ್ಣೆಯ ಮೇಲೆ ಬಿದ್ದ ಮಳೆ ಎರಡು ಪಾಲಾಗಿ, ಒಂದು ಪಾಲು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೂ, ಮತ್ತೊಂದು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೂ ಹರಿಯುತ್ತದೆ. ಇಂಥ ಸೀಮೆಯಲ್ಲಿ ಮರದ ವಸ್ತುವೊಂದನ್ನು ಬೆಲೆ ಕೊಟ್ಟು ತಂದಿಟ್ಟುಕೊಳ್ಳುವುದೇ ಒಂದು ಸಾಹಸ. ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಕಚ್ಚಿಕೊಳ್ಳುತ್ತದೆ. ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ತೊಗಲಿನ ಚಪ್ಪಲಿಗೆ ನಾಲ್ಕು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಿರುವಲ್ಲಿ ಈ ಬೆಟ್ಟಗಳ ಕಡೆಯ ತರುಣನೊಬ್ಬನು ಬೇಸ್ ಗಿಟಾರ್ ಕೊಳ್ಳಲು ಬೆಂಗಳೂರಿಗೆ ಹೊರಟರೆ, ಬಯಲುಸೀಮೆಯ ಗ್ರಾಹಕನಿಗಿಲ್ಲದ ಹತ್ತು ಪ್ರಶ್ನೆಗಳನ್ನು ಅವನು ಕೇಳಿಕೊಳ್ಳಬೇಕಾಗುತ್ತದೆ.

ಮೊದಲನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಮನೆಯಲ್ಲಿಯೇ ಕೇಳುತ್ತಾರೆ. ಮೆಣಸು ಮಾರಿ ಬಂದ ಹಣವನ್ನು ಎಣಿಸಿಟ್ಟ ತಂದೆ, “ಅಲ್ಲ ಮಗ, ಆರು ತಂತಿಯ ಗಿಟಾರಿಗಿಂತ ನಾಲ್ಕು ತಂತಿಯದ್ದಕ್ಕೆ ಹೆಚ್ಚು ದುಡ್ಡೇ? ಅದು ನುಡಿಸಿದರೆ ಕೇಳಿಸುವುದೂ ಇಲ್ಲವಲ್ಲೋ!” ಎನ್ನುತ್ತಾನೆ. ಮಗನಿಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಪ್ರಶ್ನೆಯಲ್ಲಿ ಅರ್ಧ ಸತ್ಯವಿರುವುದೇ ಅದಕ್ಕೆ ಕಾರಣ.

ಬೇಸ್ ಗಿಟಾರಿನ ನಾಲ್ಕು ತಂತಿಗಳು ಸಾಮಾನ್ಯ ಗಿಟಾರಿನ ದಪ್ಪನೆಯ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು ೪೧ ಬಾರಿ ಕಂಪಿಸುತ್ತದೆ. ಈ ಮಟ್ಟದ ನಾದವನ್ನು ಕಿವಿ ಹಿಡಿಯುವುದಕ್ಕಿಂತ ಮೊದಲು ಎದೆ ಹಿಡಿಯುತ್ತದೆ. ತಂಬೂರಿಯ ಮಂದ್ರ ಷಡ್ಜವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಹಾಡುವವರ ಹಿಂದೆ ಅದು ಇರುವಾಗ ಯಾರೂ ಗಮನಿಸುವುದಿಲ್ಲ, ನಿಂತ ಕ್ಷಣ ಎಲ್ಲರೂ ತಲೆಯೆತ್ತುತ್ತಾರೆ. ಆದರೆ ತಂಬೂರಿ ಒಂದೆಡೆ ಕುಳಿತ ನಾದ; ಬೇಸ್ ನಡೆದಾಡುವ ನಾದ. ಮದ್ದಳೆಯವನ ಲಯಕ್ಕೂ ಹಾಡುವವನ ರಾಗಕ್ಕೂ ನಡುವೆ ನಿಂತು ಎರಡನ್ನೂ ಹೊಲಿಯುವುದು ಅದರ ಉದ್ಯೋಗ. ೧೯೮೧ರ ‘ಗೀತಾ’, ೧೯೮೩ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳನ್ನು ಒಮ್ಮೆ ಗಾಯಕರನ್ನು ಮರೆತು ಕೇಳಬೇಕು. ಇಳಯರಾಜರ ಆ ಸಂಯೋಜನೆಗಳಲ್ಲಿ ಬೇಸ್ ಗಿಟಾರ್ ತನ್ನದೇ ಇನ್ನೊಂದು ಹಾಡನ್ನು ಅಡಿಯಲ್ಲಿ ಹಾಡುತ್ತಿರುತ್ತದೆ. ರಘು ದೀಕ್ಷಿತರ ತಂಡದಲ್ಲಿ ಗೌರವ್ ವಾಜ್, ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ ನುಡಿಸಿದ ಬೇಸ್ ಇಲ್ಲದೆ ಹೋಗಿದ್ದರೆ ಆ ಹಾಡುಗಳಿಗೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ.

ಊರಹಬ್ಬದ, ಗಣೇಶೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿ ಮಾತ್ರ ಬೇಸ್ ವಾದಕನಿಗೆ ಒದಗಿದ ಗತಿ ಅಷ್ಟೇನೂ ಚೆನ್ನಾಗಿಲ್ಲ. ಒಬ್ಬನ ಸಂಭಾವನೆಯನ್ನು ಉಳಿಸಲು ಕೀಬೋರ್ಡಿನವನ ಎಡಗೈಗೆ ಆ ಕೆಲಸವನ್ನು ಕಟ್ಟಿಬಿಡುವುದು ವಾಡಿಕೆಯಾಗಿದೆ. ಕೆಲಸವೇನೋ ನಡೆಯುತ್ತದೆ, ಬೈಗಣ್ಣಿನಲ್ಲಿ ಕಾಫಿ ಬೀಜ ಆರಿಸಿದಂತೆ. ಗಿಟಾರಿನಲ್ಲಿ ಕೈ ಪಳಗಿದವರು ಊರಿಗೆ ಹತ್ತು ಜನರಿದ್ದಾರೆ. ಬೇಸ್ ಹಿಡಿದವನು ತಾಲ್ಲೂಕಿಗೊಬ್ಬ ಸಿಕ್ಕರೂ ಅವನನ್ನು ಮೂರು ತಂಡಗಳು ಎಳೆದಾಡುತ್ತವೆ. ತಂದೆಯ ಪ್ರಶ್ನೆಗೆ ಮಗನು ಕೊಡಬಹುದಾದ ಲೌಕಿಕ ಉತ್ತರ ಇದು.

ರೇಡಿಯೋ ರಿಪೇರಿಯವನ ಕೈಚಳಕ

ಈ ವಾದ್ಯ ಹುಟ್ಟಿದ ಬಗೆಯನ್ನು ತಿಳಿದರೆ ಅದನ್ನು ಆರಿಸುವುದು ಸುಲಭವಾಗುತ್ತದೆ. ಇದಕ್ಕೆ ಮೊದಲು ಪಾಶ್ಚಾತ್ಯ ವಾದ್ಯಗೋಷ್ಠಿಗಳಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದು ಪಿಟೀಲಿನ ಕುಲದ್ದು. ಕಾರಿನ ಮೇಲೆ ಕಟ್ಟಿ ಸಾಗಿಸಬೇಕಾದದ್ದು. ಡ್ರಮ್ಮು, ಕಹಳೆಗಳ ಗದ್ದಲದಲ್ಲಿ ಕೇಳಿಸದೆ ಹೋಗುತ್ತಿದ್ದುದು. ೧೯೩೦ರ ದಶಕದಲ್ಲಿಯೇ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತನು ವಿದ್ಯುತ್ ಬೇಸೊಂದನ್ನು ಮಾಡಿದ್ದನಾದರೂ ಅದಕ್ಕೆ ಗಿರಾಕಿಗಳು ದೊರೆಯಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸಿದ್ದ ಲಿಯೋ ಫೆಂಡರ್ ೧೯೫೧ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ ಮೇಲೆಯೇ ಚಿತ್ರ ಬದಲಾದದ್ದು. ವಿಚಿತ್ರವೆಂದರೆ, ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ನುಡಿಸುವವರ ಗೋಳನ್ನು ಕೇಳಿ, ಅದಕ್ಕೆ ತಕ್ಕ ಸಾಧನವನ್ನು ಮಾಡಿಕೊಟ್ಟ ಮೆಕ್ಯಾನಿಕ್ ಆತ. ಡಬಲ್ ಬೇಸಿನ ದಂಡಿಯ ಮೇಲೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನವನ್ನು ಬೆರಳೇ ಹುಡುಕಬೇಕು. ಫೆಂಡರನ ವಾದ್ಯದಲ್ಲಿ ಲೋಹದ ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ‘ಪ್ರಿಸಿಷನ್’ ಎಂಬ ಹೆಸರು ಬಂದದ್ದು ಹಾಗೆ. ಕುದುರೆಯಿಂದ ಮೇಲಿನ ತುದಿಯ ಏಣಿನವರೆಗೆ ತಂತಿಯ ಉದ್ದ ೩೪ ಅಂಗುಲವಿರಬೇಕೆಂದು ಆತ ಗೊತ್ತುಮಾಡಿದ. ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ ಅದೇ. ೧೯೬೦ರಲ್ಲಿ ಬಂದ ‘ಜಾಜ್ ಬೇಸ್’ನಲ್ಲಿ ದಂಡಿ ಮೇಲ್ತುದಿಯಲ್ಲಿ ಸಣ್ಣದಾಯಿತು, ನಾದವನ್ನು ಹಿಡಿಯುವ ಪಿಕಪ್‌ಗಳು ಎರಡಾದವು. ಇಂದು ಅಂಗಡಿಯ ಗೋಡೆಯ ಮೇಲೆ ತೂಗುವ ನೂರು ಬೇಸ್‌ಗಳಲ್ಲಿ ಹೆಚ್ಚಿನವು ಈ ಎರಡರಲ್ಲೊಂದರ ಸಂತಾನ.

ವೀಣೆ ಗೊತ್ತಿರುವ ಮನೆಗಳಲ್ಲಿ ಈ ವಾದ್ಯದ ಅಂಗಾಂಗಗಳಿಗೆ ಹೊಸ ಹೆಸರುಗಳೇ ಬೇಕಾಗಿಲ್ಲ. ದಂಡಿ, ಬಿರಡೆ, ಮೆಟ್ಟಿಲು, ಕುದುರೆ ಎಲ್ಲವೂ ಇಲ್ಲಿಯೂ ಇವೆ. ಒಂದೇ ಮುಖ್ಯ ವ್ಯತ್ಯಾಸ: ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ, ಸ್ವರ ಜಾರಿದರೆ ಮೇಳ ಕಟ್ಟುವವನು ಬಂದು ಸರಿಪಡಿಸುತ್ತಾನೆ. ಬೇಸ್ ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿ ಹೊಡೆದು ಕೂರಿಸಿರುತ್ತಾರೆ. ಅವು ಕೆಟ್ಟಿದ್ದರೆ ಕೆಟ್ಟೇ ಇರುತ್ತವೆ. ಆದುದರಿಂದಲೇ ಅಂಗಡಿಯಲ್ಲಿ ಅರ್ಧ ದಿನ ಹೋದರೂ ಚಿಂತೆಯಿಲ್ಲ.

ಕಣ್ಣಿಗಲ್ಲ, ಕೈಗೆ

ಹಣದ ಲೆಕ್ಕವನ್ನು ಮೊದಲು ಮುಗಿಸಬೇಕು. ಹೊಸಬನಿಗೆ ಯೋಗ್ಯವಾದ ಬೇಸ್ ಗಿಟಾರುಗಳು ಇಂದು ಸುಮಾರು ೧೫,೦೦೦ದಿಂದ ೩೦,೦೦೦ ರೂಪಾಯಿಗಳೊಳಗೆ ದೊರೆಯುತ್ತವೆ. ಯಮಾಹಾ, ಐಬನೆಜ್, ಕಾರ್ಟ್, ಫೆಂಡರಿನ ಅಗ್ಗದ ಶಾಖೆಯಾದ ಸ್ಕ್ವಯರ್ ಇವೆಲ್ಲ ಈ ದರ್ಜೆಯಲ್ಲಿ ನಂಬಬಹುದಾದ ಹೆಸರುಗಳು. ಆದರೆ ಕೈಯಲ್ಲಿರುವ ಹಣವನ್ನೆಲ್ಲ ವಾದ್ಯಕ್ಕೇ ಸುರಿದು ಬಂದ ಹುಡುಗನು ಮನೆಗೆ ಬಂದು ಮೂಕನಾಗಿ ಕೂರಬೇಕಾಗುತ್ತದೆ. ಟೊಳ್ಳಿಲ್ಲದ ಒಡಲಿನ ಈ ವಾದ್ಯ ಆಂಪ್ಲಿಫೈಯರ್ ಇಲ್ಲದೆ ಗೊಣಗುತ್ತದೆಯೇ ಹೊರತು ನುಡಿಯುವುದಿಲ್ಲ. ಮೂರರಲ್ಲೊಂದು ಪಾಲನ್ನಾದರೂ ಆಂಪ್ಲಿಫೈಯರು, ಕೇಬಲ್ಲು, ಹೆಗಲಪಟ್ಟಿ, ಗಟ್ಟಿಯಾದ ಚೀಲ ಇವುಗಳಿಗೆಂದು ಎತ್ತಿಡಬೇಕು. ಅದೂ ಬೇಸ್‌ಗೆಂದೇ ಮಾಡಿದ ಆಂಪ್ಲಿಫೈಯರು ಆಗಿರಬೇಕು; ಸಾಮಾನ್ಯ ಗಿಟಾರಿನ ಪುಟ್ಟ ಪೆಟ್ಟಿಗೆಗೆ ಇದನ್ನು ಜೋಡಿಸಿ ಸದ್ದೇರಿಸಿದರೆ ಅದರ ಸ್ಪೀಕರಿನ ಕಾಗದ ಹರಿದೀತು.

ಇನ್ನು ಈ ಕಾಲದ ದೊಡ್ಡ ಮೋಸವೊಂದುಂಟು. ಅದರಲ್ಲಿ ಮೋಸಗಾರರು ಯಾರೂ ಇಲ್ಲ. ಬಿಸಿಲೆಯ ಕಡೆಯ ತರುಣ ಬೆಂಗಳೂರಿಗೆ ಹೋಗುವ ಮೊದಲು ಮೊಬೈಲಿನಲ್ಲಿ ಐವತ್ತು ಬೇಸ್‌ಗಳನ್ನು ಕೇಳಿ, ಒಂದನ್ನು ಮನಸ್ಸಿನಲ್ಲಿ ವರಿಸಿಬಿಟ್ಟಿರುತ್ತಾನೆ. ಮೊಬೈಲಿನ ಬೆರಳಗಲದ ಸ್ಪೀಕರು ೪೧ ಕಂಪನಗಳ ನಾದವನ್ನು ಹೊರಡಿಸಲಾರದು. ಅವನು ಕೇಳಿದ್ದು ಆ ನಾದದ ಮೇಲಿನ ಕೆನೆಯನ್ನು ಮಾತ್ರ. ಹಾಲನ್ನು ಅವನು ನೋಡಿಯೇ ಇಲ್ಲ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಕೊಂಚ ತಿಳಿದೀತು. ಕೈಯಲ್ಲಿ ಹಿಡಿದು ಹೊಟ್ಟೆಗೊರಗಿಸಿಕೊಂಡಾಗ ತಿಳಿಯುವುದೇ ನಿಜ.

ಆದುದರಿಂದ ಬೆಂಗಳೂರಿಗೋ ಮಂಗಳೂರಿಗೋ ಹೋಗಲೇಬೇಕು. ಬೆಂಗಳೂರಿನ ಬಳೇಪೇಟೆಯಲ್ಲಿ ವೀಣೆ, ತಬಲಾ, ಹಾರ್ಮೋನಿಯಂಗಳ ನಡುವೆ ಗಿಟಾರೂ ಇದೆ. ನಗರದ ಇತರ ಭಾಗಗಳಲ್ಲಿ ಪಾಶ್ಚಾತ್ಯ ವಾದ್ಯಗಳಿಗೇ ಮೀಸಲಾದ ದೊಡ್ಡ ಮಳಿಗೆಗಳಿವೆ. ಅಂಗಡಿಯವರು ಮೊದಲು ತಾವೇ ವಾದ್ಯವನ್ನು ತೆಗೆದುಕೊಂಡು, ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿ, ಹೆಬ್ಬೆರಳಿನಿಂದ ತಂತಿಯನ್ನು ಹೊಡೆದು ಚಟಪಟ ಎಂದು ನುಡಿಸಿ ತೋರಿಸುತ್ತಾರೆ. ಕೇಳುವವನ ಕಣ್ಣರಳುತ್ತದೆ. ಆ ವಿದ್ಯೆ ಮಾರುವವನದ್ದು, ವಾದ್ಯದ್ದಲ್ಲ ಎಂಬುದನ್ನು ಮರೆಯಬಾರದು. ಅದನ್ನು ಕೈಗೆ ತೆಗೆದುಕೊಂಡು, ಆಂಪ್ಲಿಫೈಯರಿಗೆ ಜೋಡಿಸದೆಯೇ ಒಂದೊಂದು ತಂತಿಯನ್ನು ಮೀಟಿ, ಒಡಲಿನ ಮೇಲೆ ಅಂಗೈಯಿಟ್ಟು ನೋಡುವುದು ಬಲ್ಲವರ ಪದ್ಧತಿ. ಮರದ ಒಡಲು ಅಂಗೈಯಲ್ಲಿ ಬಹಳ ಹೊತ್ತು ಮಿಡಿಯುತ್ತಿದ್ದರೆ ಅದು ಶುಭಲಕ್ಷಣ.

ದಂಡಿಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ನಾಲ್ಕು ತಂತಿಗಳು ಸೇರಿ ದಂಡಿಯನ್ನು ಹಗಲೂ ರಾತ್ರಿಯೂ ಸುಮಾರು ೭೫ ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಒಬ್ಬ ದೃಢಕಾಯನು ಸದಾ ಜೋತುಬಿದ್ದಿದ್ದಂತೆ! ಇದನ್ನು ತಡೆಯಲೆಂದು ದಂಡಿಯ ಒಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ತುದಿಯಲ್ಲಿ ಕೀಲಿ ಹಾಕಿ ತಿರುಗಿಸಿದರೆ ಬಾಗು ಹೆಚ್ಚುಕಡಿಮೆಯಾಗುತ್ತದೆ. ಕೊಳ್ಳುವವನು ವಾದ್ಯವನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ದಂಡಿಯ ಉದ್ದಕ್ಕೂ ನೋಡಬೇಕು. ಹಗ್ಗದಂತೆ ತಿರುಚಿಕೊಂಡಿದ್ದರೆ ಎಷ್ಟೇ ಅಗ್ಗವಾದರೂ ಅಲ್ಲಿಯೇ ಇಟ್ಟುಬಿಡುವುದು ಲೇಸು. ತಿರುಚಿಗೆ ಆ ಸರಳಿನಲ್ಲಿ ಮದ್ದಿಲ್ಲ. ಬಳಿಕ ಮೊದಲನೆಯ ಮೆಟ್ಟಿಲಿನಲ್ಲಿಯೂ ಕೊನೆಯ ಮೆಟ್ಟಿಲಿನಲ್ಲಿಯೂ ತಂತಿಯನ್ನು ಒಮ್ಮೆಗೇ ಒತ್ತಿಹಿಡಿದು ನಡುವೆ ಎಷ್ಟು ಸಂದಿದೆಯೆಂದು ನೋಡಬೇಕು. ಏಳೆಂಟನೆಯ ಮೆಟ್ಟಿಲಿನ ಬಳಿ ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು ಎಡೆಯಿದ್ದರೆ ದಂಡಿ ನೆಟ್ಟಗಿದೆಯೆಂದು ಅರ್ಥ. ಏನೂ ಇಲ್ಲದಿದ್ದರೆ ಅಥವಾ ಕಿರುಬೆರಳು ಹೋಗುವಷ್ಟಿದ್ದರೆ ಆ ಕೀಲಿಯನ್ನು ಅಂಗಡಿಯವರಿಂದ ಅಲ್ಲಿಯೇ ತಿರುಗಿಸಿ ಸರಿಮಾಡಿಸಿ ನೋಡಬೇಕು. ‘ಮನೆಗೆ ಹೋದ ಮೇಲೆ ತಾನಾಗಿ ಕೂತುಕೊಳ್ಳುತ್ತದೆ’ ಎಂಬ ಮಾತನ್ನು ನಂಬಬಾರದು.

ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಬರುತ್ತದೆ. ಅದರ ನೇರಕ್ಕೆ ತಂತಿಯನ್ನು ಮುಟ್ಟೀಮುಟ್ಟದಂತೆ ಹಿಡಿದು ಮೀಟಿದರೆ ಬರುವ ತೆಳುವಾದ ಸ್ವರವೂ, ಅಲ್ಲಿಯೇ ಒತ್ತಿ ಮೀಟಿದರೆ ಬರುವ ಸ್ವರವೂ ಒಂದೇ ಆಗಿರಬೇಕು. ಶ್ರುತಿಜ್ಞಾನವುಳ್ಳವರಿಗೆ ಇದಕ್ಕೆ ಯಂತ್ರ ಬೇಡ. ಎರಡೂ ಹೊಂದದಿದ್ದರೆ ಕುದುರೆಯ ತಿರುಪನ್ನು ಹಿಂದೆ ಮುಂದೆ ಸರಿಸಿ ಹೊಂದಿಸಬಹುದು, ಅದೇನೂ ದೊಡ್ಡ ದೋಷವಲ್ಲ. ಆಮೇಲೆ ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿಯೂ ನಿಧಾನವಾಗಿ ನುಡಿಸುತ್ತ ಹೋಗಬೇಕು. ಎಲ್ಲಿಯಾದರೂ ‘ಝರ್’ ಎಂದು ಕರ್ಕಶ ಬಂದರೆ ಅದರ ಮುಂದಿನ ಮೆಟ್ಟಿಲೊಂದು ಎದ್ದಿರಬಹುದು. ಅತಿ ಸಣ್ಣ ತಂತಿಯಲ್ಲಿ ಐದರಿಂದ ಏಳನೆಯ ಮೆಟ್ಟಿಲಿನ ಆಸುಪಾಸಿನಲ್ಲಿ ಸ್ವರ ಹುಟ್ಟಿದೊಡನೆ ಸತ್ತುಹೋಗುವ ಒಂದು ಜಾಗ ಫೆಂಡರ್ ಬಗೆಯ ಅನೇಕ ವಾದ್ಯಗಳಲ್ಲಿ ಉಂಟು. ದಂಡಿಯ ಮರ ತಾನೇ ಕಂಪಿಸಿ ಆ ಸ್ವರದ ಶಕ್ತಿಯನ್ನು ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಬೆಲೆ ಹೆಚ್ಚಿದ ಮಾತ್ರಕ್ಕೆ ಇದು ಇಲ್ಲವೆಂದಲ್ಲ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ವಾದ್ಯಗಳಲ್ಲಿ ಒಂದಕ್ಕಿದ್ದು ಮತ್ತೊಂದಕ್ಕಿಲ್ಲದಿರಬಹುದು. ಅಂಗಡಿಯಲ್ಲಿ ಅದೇ ಮಾದರಿಯ ಎರಡು ಮೂರಿದ್ದರೆ ಎಲ್ಲವನ್ನೂ ಕೇಳಿ ಪಡೆದು ನುಡಿಸುವುದಕ್ಕೆ ಸಂಕೋಚ ಪಡಬಾರದು.

ಹೆಗಲಪಟ್ಟಿ ಹಾಕಿ ನಿಂತು ಎರಡೂ ಕೈಗಳನ್ನು ಬಿಟ್ಟುಬಿಡುವುದೂ ಒಂದು ಪರೀಕ್ಷೆ. ಕೆಲವು ವಾದ್ಯಗಳಲ್ಲಿ ದಂಡಿಯ ತುದಿ ಭಾರವಾಗಿ ತಕ್ಷಣ ನೆಲದ ಕಡೆ ಇಳಿಯುತ್ತದೆ. ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲಿಯೇ ದಣಿದುಹೋಗುತ್ತದೆ. ನಾಲ್ಕು ಕಿಲೋಗ್ರಾಂ ಆಸುಪಾಸಿನ ವಾದ್ಯವನ್ನು ಹೊತ್ತು ಮೂರು ತಾಸು ರಸಮಂಜರಿಯಲ್ಲಿ ನಿಲ್ಲಬೇಕಾದವನಿಗೆ ಇದು ಸಣ್ಣ ಮಾತಲ್ಲ. ಕೈ ಚಿಕ್ಕದಾದವರು, ಹನ್ನೆರಡು ಹದಿಮೂರರ ಹರೆಯದ ಮಕ್ಕಳು ೩೦ ಅಂಗುಲದ ಗಿಡ್ಡ ತಂತಿಯ ಬೇಸ್ ಆರಿಸಿದರೆ ಯಾವ ಅವಮಾನವೂ ಇಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಪಿಟೀಲಿನಾಕಾರದ ಹಾಫ್ನರ್ ಎಂಬ ಜರ್ಮನ್ ಬೇಸನ್ನು ೧೯೬೧ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡದ್ದು ಸುಮಾರು ೩೦ ಪೌಂಡುಗಳಿಗೆ. ಫೆಂಡರಿಗೆ ತೆರಲು ಆತನಲ್ಲಿ ಹಣವಿರಲಿಲ್ಲ. ಎಡಗೈಯವನಾದ ತನಗೆ ಎರಡು ಕಡೆಯೂ ಒಂದೇ ಸಮನಾದ ಆಕಾರ ವಿಕಾರವಾಗಿ ಕಾಣದೆಂಬುದೂ ಒಂದು ಕಾರಣ. ೧೯೭೨ರಲ್ಲಿ ಕಳವಾದ ಆ ವಾದ್ಯ ಅರ್ಧ ಶತಮಾನದ ಮೇಲೆ ಮರಳಿ ಒಡೆಯನ ಕೈಸೇರಿದ ಸುದ್ದಿ ೨೦೨೪ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು.

ಐದು ತಂತಿಯ ಬೇಸ್ ಬೇಕೆಂಬ ಆಸೆ ಹೊಸಬರಿಗೆ ಸಹಜ. ಐದನೆಯ ತಂತಿ ಸೆಕೆಂಡಿಗೆ ೩೧ ಕಂಪನಗಳಷ್ಟು ಆಳಕ್ಕೆ ಇಳಿಯುತ್ತದೆ. ಮನೆಯಲ್ಲಿಡುವ ಪುಟ್ಟ ಆಂಪ್ಲಿಫೈಯರುಗಳಿಗೆ ಅದನ್ನು ನುಡಿಸುವ ಯೋಗ್ಯತೆಯಿಲ್ಲ. ನಾಲ್ಕರಲ್ಲಿ ನಡೆಯಲು ಕಲಿತ ಮೇಲೆ ಐದನೆಯದು ಎಲ್ಲಿಗೂ ಓಡಿಹೋಗುವುದಿಲ್ಲ.

ಬೆರಳಡಿಯ ಬೀಟೆ

ಈಗ ಮರದ ಮಾತು. ಬೇಸ್ ಗಿಟಾರಿನ ದಂಡಿ ಸಾಮಾನ್ಯವಾಗಿ ಶೀತದೇಶಗಳ ಮೇಪಲ್ ಮರದ್ದು. ಅದರ ಮೇಲೆ, ಬೆರಳು ಓಡಾಡುವ ಕಡೆ, ಅರ್ಧ ಅಂಗುಲಕ್ಕೂ ಕಡಿಮೆ ದಪ್ಪದ ಕರಿಗೆಂಪು ಹಲಗೆಯೊಂದನ್ನು ಅಂಟಿಸಿರುತ್ತಾರೆ. ಮಾರುಕಟ್ಟೆಯಲ್ಲಿ ಅದಕ್ಕೆ ರೋಸ್‌ವುಡ್ ಎಂದು ಹೆಸರು. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಅದೇ ಬೀಟೆ. ಎಣ್ಣೆಯಂಶವುಳ್ಳ, ಬಿಗಿಯಾದ ಎಳೆಗಳ ಈ ಮರಕ್ಕೆ ಬಣ್ಣವಾಗಲಿ ಮೆರುಗೆಣ್ಣೆಯಾಗಲಿ ಬೇಡ. ಬೆರಳಿನ ಬೆವರಿಗೆ ಬೆದರುವುದಿಲ್ಲ. ಮೊದಲು ಗಿಟಾರ್ ತಯಾರಕರು ಬಳಸುತ್ತಿದ್ದುದು ಬ್ರೆಜಿಲ್ ದೇಶದ ಬೀಟೆಯನ್ನು. ಅದು ಅರಣ್ಯಗಳಲ್ಲಿ ಬರಿದಾಗುತ್ತ ಬಂದು, ೧೯೬೦ರ ದಶಕದ ಕೊನೆಗೆ ದಿಮ್ಮಿಗಳು ಸಿಗದಂತಾದಾಗ ಅಮೆರಿಕದ ಕಂಪನಿಗಳು ದಕ್ಷಿಣ ಭಾರತದತ್ತ ತಿರುಗಿದವು. ಗಿಟಾರಿಗೆ ಹೆಸರಾದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿಸಿದ್ದು ೧೯೬೯ರಲ್ಲಿ.

ಹೀಗಾಗಿ ಪಶ್ಚಿಮಘಟ್ಟದ ಮರ ಜಗತ್ತಿನ ವಾದಕರ ಬೆರಳಡಿಗೆ ಹೋಯಿತು. ತಮಾಷೆಯೆಂದರೆ, ತನ್ನ ಕಾಫಿ ತೋಟದಲ್ಲಿ ನೆರಳಿಗೆ ನಿಂತ ಬೀಟೆಯನ್ನೇ ಆದರೂ ಬೆಳೆಗಾರನು ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ದಿಮ್ಮಿಯನ್ನು ಹೊರದೇಶಕ್ಕೆ ಕಳುಹಿಸುವುದಂತೂ ನಿಷಿದ್ಧ. ಅವನ ಮಗ ಅದೇ ಜಾತಿಯ ಮರದ ಒಂದು ಚೂರಿಗೆ ಬೆಂಗಳೂರಿನಲ್ಲಿ ಹಣ ತೆತ್ತು, ಇಂಡೋನೇಷ್ಯಾದಲ್ಲೋ ಚೀನಾದಲ್ಲೋ ಅಂಟಿಸಲ್ಪಟ್ಟ ಹಲಗೆಯ ರೂಪದಲ್ಲಿ ಅದನ್ನು ಮನೆಗೆ ತರುತ್ತಾನೆ. ಕಾನೂನಿನಲ್ಲಿ ತಪ್ಪೇನಿಲ್ಲ. ಬೀಟೆ ಬಲು ನಿಧಾನವಾಗಿ ಬೆಳೆಯುವ ಮರ. ಕಾವಲಿಲ್ಲದಿದ್ದರೆ ಈ ಬೆಟ್ಟಗಳಲ್ಲಿ ಅದರ ಹೆಸರಷ್ಟೇ ಉಳಿದಿರುತ್ತಿತ್ತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು ೨೦೧೭ರ ಜನವರಿಯಿಂದ ಬೀಟೆಯ ಕುಲವನ್ನೆಲ್ಲ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಗಿಟಾರುಗಳ ಸಾಗಣೆಗೂ ಅನುಮತಿಪತ್ರ ಬೇಕಾಗಿ ಬಂದು ತಯಾರಕರು ಕಂಗೆಟ್ಟರು. ೨೦೧೯ರ ನವೆಂಬರಿನಲ್ಲಿ ಸಿದ್ಧಪಡಿಸಿದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಮರಕ್ಕೆ ಮಾತ್ರ ಕಾವಲು ಮುಂದುವರಿಯಿತು.

ಆ ನಡುವೆ ತಯಾರಕರು ಬೇರೆ ಮರಗಳನ್ನು ಹುಡುಕಿಕೊಂಡರು. ಅಗ್ಗದ ಬೇಸ್‌ಗಳ ವಿವರಪಟ್ಟಿಯಲ್ಲಿ ‘ಇಂಡಿಯನ್ ಲಾರೆಲ್’ ಎಂಬ ಹೆಸರನ್ನು ಕಂಡು ಕೆಲವರು ಇದಾವುದೋ ಕೀಳು ಮರವೆಂದು ಮೂಗು ಮುರಿಯುವುದುಂಟು. ಮರದ ವ್ಯಾಪಾರದಲ್ಲಿ ಆ ಹೆಸರಿನಿಂದ ಕರೆಯುವುದು ಮಲೆನಾಡಿನವರು ಮನೆಯ ತೊಲೆಗೆ ಹಾಕುತ್ತ ಬಂದಿರುವ ಮತ್ತಿಯನ್ನು! ಬೀಟೆಗಿಂತ ಬಣ್ಣ ಕೊಂಚ ತಿಳಿ, ಎಳೆ ಕೊಂಚ ಒರಟು. ನಾದದಲ್ಲಿ ಭೇದವನ್ನು ಗುರುತಿಸುತ್ತೇನೆಂದು ಹೇಳುವವರ ಕಣ್ಣಿಗೆ ಬಟ್ಟೆ ಕಟ್ಟಿ ಕೇಳಿಸಿದರೆ ಉತ್ತರಗಳು ಸ್ವಾರಸ್ಯವಾಗಿಯೇ ಬಂದಾವು. ಹಲಗೆ ಬೀಟೆಯದೋ ಮತ್ತಿಯದೋ ಎಂಬ ಚಿಂತೆಗಿಂತ, ಅದರ ಅಂಚಿನಲ್ಲಿ ಕೈಯಾಡಿಸಿದಾಗ ಮೆಟ್ಟಿಲುಗಳ ತುದಿ ಮುಳ್ಳಿನಂತೆ ಚುಚ್ಚುತ್ತದೆಯೇ ಎಂದು ನೋಡಿಕೊಳ್ಳುವುದು ಹೆಚ್ಚು ಉಪಯುಕ್ತ.

ಹಳೆಯ ವಾದ್ಯ ಕೊಳ್ಳುವುದೂ ಒಳ್ಳೆಯ ಮಾರ್ಗವೇ. ಉತ್ಸಾಹದಿಂದ ಕೊಂಡು, ಆರು ತಿಂಗಳಿಗೆ ಬೇಸತ್ತು ಮಾರುವ ತರುಣರು ಬೆಂಗಳೂರಿನಲ್ಲಿ ಧಾರಾಳವಾಗಿದ್ದಾರೆ. ಹೊಸದರ ಅರ್ಧ ಬೆಲೆಗೆ ಉತ್ತಮ ವಾದ್ಯ ಕೈಸೇರುವುದುಂಟು. ಮೇಲೆ ಹೇಳಿದ ಪರೀಕ್ಷೆಗಳ ಜೊತೆಗೆ ಸದ್ದಿನ ಗುಂಡಿಗಳನ್ನೆಲ್ಲ ತಿರುಗಿಸಿ ಕರಕರ ಶಬ್ದ ಬರುತ್ತದೆಯೇ ಎಂದು ಕೇಳಬೇಕು. ಕೇಬಲ್ ಚುಚ್ಚುವ ರಂಧ್ರವನ್ನು ಅಲುಗಿಸಿ ನೋಡಬೇಕು. ಹಿಂಬದಿಯಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿಯ ಗೂಡಿದ್ದರೆ ತೆರೆದು, ಬ್ಯಾಟರಿ ಸೋರಿ ಪಾಚಿಗಟ್ಟಿದೆಯೇ ಎಂದು ಪರೀಕ್ಷಿಸಬೇಕು. ತಂತಿಗಳು ಹಳೆಯವೆಂದು ಬೆಲೆ ತಗ್ಗಿಸಲು ಚೌಕಾಸಿ ಮಾಡಬಹುದು. ಆದರೆ ಅಮೆರಿಕದ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಒಂದೇ ತೋರುಬೆರಳಿನಿಂದ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತನ್ನ ತಂತಿಗಳನ್ನು ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲವೆಂಬುದನ್ನು ಮಾರುವವನು ತಿಳಿದಿದ್ದರೆ ಚೌಕಾಸಿ ನಡೆಯಲಾರದು.

ಮನೆ ಸೇರಿದ ಮೇಲೆ

ಬೆಟ್ಟದೂರಿನ ಮನೆಯಲ್ಲಿ ಬೇಸ್ ಗಿಟಾರಿಗೆ ಇಬ್ಬರು ಶತ್ರುಗಳು: ತೇವ ಮತ್ತು ಕರೆಂಟು. ಎರಡನೆಯದು ನುಡಿಸುವವನಿಗೂ ಶತ್ರು. ಬೇಸ್‌ನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಕೂಡಿಕೊಂಡಿರುತ್ತವೆ; ಆ ಚೌಕಟ್ಟು ಮೂರು ಕಡ್ಡಿಯ ಪ್ಲಗ್ಗಿನ ಮೂಲಕ ಭೂಮಿಗೆ ಕೂಡಿರಬೇಕು. ಹಳೆಯ ತೋಟದ ಮನೆಗಳಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ತಂತಿಯೇ ಇರುವುದಿಲ್ಲ. ಕೈ ತಂತಿಯ ಮೇಲಿದ್ದಾಗ ಸುಮ್ಮನಿದ್ದು, ಕೈ ತೆಗೆದೊಡನೆ ಆಂಪ್ಲಿಫೈಯರು ‘ಗುಂಯ್’ ಎನ್ನತೊಡಗಿದರೆ ಮೊದಲು ಆ ರಂಧ್ರವನ್ನೇ ಶಂಕಿಸಬೇಕು. ಅರ್ಥಿಂಗ್ ಇಲ್ಲದ ಕಡೆ ಒಂದು ಕೈಯಲ್ಲಿ ತಂತಿ ಹಿಡಿದು ಇನ್ನೊಂದು ಕೈಯಿಂದ ಮೈಕನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ೧೯೭೨ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ಸ್ವಾನ್ಸಿ ಪಟ್ಟಣದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಜನರೆದುರಿಗೆ ವೇದಿಕೆಯ ಮೇಲೆಯೇ ಹೀಗೆ ಅಸುನೀಗಿದ. ಒದ್ದೆ ನೆಲದ ಮೇಲೆ ಚಪ್ಪರ ಕಟ್ಟಿ, ಜನರೇಟರಿನಿಂದ ಕರೆಂಟು ಎಳೆದು ನಡೆಸುವ ಊರಹಬ್ಬದ ವೇದಿಕೆಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಬೇಸ್ ಕೊಳ್ಳಲು ಹೊರಡುವ ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮನೆಯ ಅರ್ಥಿಂಗ್ ನೋಡಿಸುವ ಖರ್ಚನ್ನು ವಾದ್ಯದ ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕು. ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದೊಂದೇ ನಂಬಿಕೆಯ ರಕ್ಷೆ. ಕರೆಂಟಿಲ್ಲದ ಮಳೆಗಾಲದ ದಿನಗಳಿಗೆಂದು ಬ್ಯಾಟರಿಯಿಂದ ನಡೆಯುವ, ಹೆಡ್‌ಫೋನಿಗೆ ನಾದ ಕೊಡುವ ಬೆಂಕಿಪೊಟ್ಟಣದಂಥ ಪುಟ್ಟ ಆಂಪ್ಲಿಫೈಯರುಗಳು ಬಂದಿವೆ. ಬಿಸಿಲೆಯಂಥ ಕಡೆ ದೊಡ್ಡದಕ್ಕಿಂತ ಮೊದಲು ಇದನ್ನು ಕೊಂಡವನೇ ಜಾಣ. ತಂದೆಗೂ ನೆಮ್ಮದಿ.

ತೇವದ ಉಪದ್ರವ ಸಾವಕಾಶವಾದದ್ದು. ಮರ ನೀರುಂಡು ಉಬ್ಬಿ ದಂಡಿ ಹಿಂದಕ್ಕೋ ಮುಂದಕ್ಕೋ ಬಾಗುತ್ತದೆ. ನಿಕ್ಕಲ್ ತಂತಿಗಳು ಮಂಕಾಗಿ ತುಕ್ಕಿನ ಚುಕ್ಕೆಗಳು ಏಳುತ್ತವೆ. ಚೀಲದ ಒಳಬಟ್ಟೆಗೆ ಬೂಷ್ಟು ಬರುತ್ತದೆ. ಹೊಗೆಯ ಬಿಸುಪಿಗೆ ಒಣಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿಡುವ ಬುದ್ಧಿ ಹಿರಿಯರಿಗೆ ಬರಬಹುದು. ಬೆತ್ತದ ಬುಟ್ಟಿಗೆ ಅದು ಒಳ್ಳೆಯದು, ಬೇಸ್ ಗಿಟಾರಿಗೆ ಅಲ್ಲ. ಒಂದೇ ಕಡೆಯಿಂದ ತಾಗುವ ಬಿಸಿ ದಂಡಿಯನ್ನು ತಿರುಚಿಬಿಡುತ್ತದೆ. ಮಳೆ ಬಡಿಯುವ ಹೊರಗೋಡೆಗೆ ಒರಗಿಸುವುದೂ ಸಲ್ಲದು. ಮನೆಯ ನಡುಕೋಣೆಯಲ್ಲಿ, ಒಳಗೋಡೆಯ ಬದಿಗೆ, ಚೀಲದೊಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿದರೆ ಸಾಕು. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಪ್ರತಿಯೊಂದು ತಂತಿಯ ಮೇಲೂ ಕೆಳಗೂ ಒರಸಬೇಕು. ಚಪ್ಪಟೆ ಸುರುಳಿ ಸುತ್ತಿದ, ಮೈ ನುಣುಪಾದ ತಂತಿಗಳನ್ನು ಹಾಕಿಸಿಕೊಂಡರೆ ಬೆವರೂ ಕೊಳೆಯೂ ಸುರುಳಿಯ ಸಂದಿನಲ್ಲಿ ಕೂರುವುದಿಲ್ಲ. ಬೆಲೆ ಹೆಚ್ಚಾದರೂ ವರ್ಷಗಟ್ಟಲೆ ಬಾಳುತ್ತವೆ. ಜೇಮರ್ಸನ್ ಬಳಸುತ್ತಿದ್ದುದೂ ಅಂಥವನ್ನೇ.

ಕೆಟ್ಟರೆ ಸರಿಪಡಿಸುವವರು ಹತ್ತಿರದಲ್ಲಿ ಇಲ್ಲ. ಆದುದರಿಂದ ವಾದ್ಯದೊಡನೆ ಬರುವ ಆ ಚಿಕ್ಕ ಕೀಲಿಯನ್ನು ಕಳೆಯದಂತೆ ಇಟ್ಟುಕೊಂಡು, ಅದನ್ನು ಬಳಸುವ ಬಗೆಯನ್ನು ಅಂಗಡಿಯಲ್ಲಿಯೇ ಒಮ್ಮೆ ಮಾಡಿಸಿ ನೋಡಿ ಕಲಿತಿರಬೇಕು. ಹೊಸ ವಾದ್ಯ ಮನೆ ಸೇರಿದ ಮೇಲೆ ಎರಡು ಮೂರು ವಾರ ಅದರ ಮರ ಊರಿನ ಗಾಳಿಗೆ ಹೊಂದಿಕೊಳ್ಳಲಿ. ಅನಂತರ ವಿಸಿಟಿಂಗ್ ಕಾರ್ಡಿನ ಪರೀಕ್ಷೆಯನ್ನು ಮತ್ತೆ ಮಾಡಿ, ಬೇಕಿದ್ದರೆ ಕೀಲಿಯನ್ನು ಕಾಲು ಸುತ್ತಿಗಿಂತ ಹೆಚ್ಚಲ್ಲದಂತೆ ತಿರುಗಿಸಿ, ಒಂದು ರಾತ್ರಿ ಬಿಟ್ಟು ಮರುದಿನ ನೋಡಬೇಕು. ಬಿಗಿಯಾಗಿ ತಡೆದರೆ ಬಲ ಹಾಕಕೂಡದು. ಒಳಗಿನ ಸರಳು ತುಂಡಾದರೆ ದಂಡಿಯನ್ನೇ ಬದಲಿಸಬೇಕಾಗುತ್ತದೆ. ಮಳೆಗಾಲ ಹಿಡಿದ ಮೇಲೆ ಆಷಾಢದಲ್ಲೊಮ್ಮೆ, ದೀಪಾವಳಿಯ ಹೊತ್ತಿಗೆ ಮೋಡ ಚದುರಿ ಕಾಫಿ ಕೊಯ್ಲಿಗೆ ಅಂಗಳ ಸಾರಿಸುವಾಗ ಮತ್ತೊಮ್ಮೆ, ವರ್ಷಕ್ಕೆ ಎರಡು ಸಲ ಈ ಕೆಲಸ ಆಗಬೇಕು.